ಬೀದಿಗೆ ಬಿದ್ದ ಮಳೆ ಬೀದಿಯಲ್ಲೇ ಇಂಗಲಿ

ನಮ್ಮ ಮಡಕಶಿರಾ ಸೀಮೆಯಲ್ಲಿ ಈಗ ಮಣ್ಣಿನ ಬೀದಿ ಹುಡುಕಿದರೂ ಸಿಗುವುದು ಕಷ್ಟ. ರೊಳ್ಳ, ಅಮರಾಪುರ, ಅಗಳಿ, ಗುಡಿಬಂಡೆ, ಎತ್ತ ಹೋದರೂ ಸಿಮೆಂಟಿನ ರಸ್ತೆ. ಸಂತೋಷವೇ. ಮೊಣಕಾಲುದ್ದ ಕೆಸರು ತುಳಿದು ಶಾಲೆಗೆ ಹೋದ ನನ್ನಂಥವನು ಸಿಮೆಂಟು ರಸ್ತೆ ಬೇಡ ಎಂದರೆ ಅದು ಸುಳ್ಳಾಡಿದಂತೆ. ಆದರೆ ಅದರ ಇನ್ನೊಂದು ಮುಖವನ್ನೂ ಈಗ ಹೇಳಲೇಬೇಕಾಗಿದೆ.

ನಮ್ಮ ಬೀದಿಗೆ ರಸ್ತೆ ಹಾಕಿದವರು ಮನೆಯ ಹೊಸಿಲಿಗಿಂತ ನಾಲ್ಕು ಬೆರಳು ಎತ್ತರಕ್ಕೆ ಹಾಕಿ ಹೋದರು. ಚರಂಡಿ ಆಮೇಲೆ ಅಂದರು. ಆ ಆಮೇಲೆ ಇನ್ನೂ ಬಂದಿಲ್ಲ. ಮೊದಲ ಜೋರು ಮಳೆಗೇ ಬೀದಿ ನೀರು ಪಡಸಾಲೆಗೆ ನುಗ್ಗಿ, ಬಿತ್ತನೆಗೆಂದು ಇಟ್ಟಿದ್ದ ಆರು ಮೂಟೆ ಕಡ್ಲೆಕಾಯಿ ನೆನೆದು ಮುಗ್ಗಿಹೋಯಿತು. ಅದೇ ವಾರ ಹೊಲದಲ್ಲಿ ನಮ್ಮ ಬೋರು ನೀರೆತ್ತಲಾರದೆ ಕೆಮ್ಮುತ್ತಿತ್ತು. ಮನೆಯೊಳಗೆ ನೀರು, ನೆಲದೊಳಗೆ ನೀರಿಲ್ಲ! "ಮ್ಯಾಲೆ ಬಿದ್ದಿದ್ದು ಒಳಿಕ್ಕೆ ಇಳಿಯಾಕೆ ದಾರಿನೇ ಮುಚ್ಚವ್ರಲ್ಲಪ್ಪ" ಅಂದರು ನಮ್ಮವ್ವ. ಓದು ಬಾರದ ಮುದುಕಿ ಹೇಳಿದ್ದು ನೂರಕ್ಕೆ ನೂರು ನಿಜ.

ಅನಂತಪುರದ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್ ಅಷ್ಟೆ. ಆದರೂ ಲೆಕ್ಕ ಹಾಕಿ ನೋಡಿ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗೂ ಮೇಲೆ ನೀರು. ಸಂತೆ ಮೈದಾನ, ಶಾಲೆ ಅಂಗಳ, ಗುಡಿ ಮುಂದಿನ ಬಯಲು, ಬಸ್ ನಿಲ್ದಾಣ ಎಲ್ಲ ಗಾರೆಯಾದ ಮೇಲೆ ಆ ನೀರು ಎಲ್ಲಿಗೆ ಹೋಗಬೇಕು? 2022ರ ಅಕ್ಟೋಬರಿನಲ್ಲಿ ಅನಂತಪುರ ಪಟ್ಟಣದ ಬಡಾವಣೆಗಳೇ ಮುಳುಗಿದ್ದನ್ನು ಕಂಡವರು ನಾವು. ಬರದ ಜಿಲ್ಲೆಗೆ ನೆರೆ!

ಇದಕ್ಕೊಂದು ಉಪಾಯ ಉಂಟು. ನೀರು ಇಂಗುವ ಕಾಂಕ್ರೀಟು. ಎರಡೂ ಭಾಷೆಯಲ್ಲಿ ಪದ್ಯ ಕಟ್ಟುವ ನನಗೆ ಈ ಮಾತು ಬಲು ಇಷ್ಟ: ಕನ್ನಡದಲ್ಲಿ ಇಂಗು, ತೆಲುಗಿನಲ್ಲಿ ಇಂಕು. ನಮ್ಮ ಇಂಗುಗುಂಡಿಯೇ ಅವರ ಇಂಕುಡು ಗುಂತ. ಆ ಗುಂಡಿಯನ್ನೇ ಅಗಲವಾಗಿ ಹಾಸಿ, ಮೇಲೆ ನಡೆದಾಡುವ ಹಾಗೆ ಮಾಡಿದರೆ ಅದೇ ಇದು.

ಇದರಲ್ಲಿ ಮರಳು ಇಲ್ಲವೇ ಇಲ್ಲ ಎನ್ನಬಹುದು, ಹಾಕಿದರೂ ಚೂರು. ಒಂದೇ ಅಳತೆಯ ಸಣ್ಣ ಜಲ್ಲಿಗೆ ಸಿಮೆಂಟಿನ ಹಿಟ್ಟು ಮೆತ್ತಿಕೊಂಡು ಕಡ್ಲೆ ಉಂಡೆಯಂತೆ ಕಚ್ಚಿಕೊಳ್ಳುತ್ತದೆ. ನಡುವೆ ನೂರಕ್ಕೆ 15ರಿಂದ 25 ಪಾಲು ಸಂದು ಉಳಿಯುತ್ತದೆ, ನೀರು ಅಲ್ಲಿಂದ ಇಳಿಯುತ್ತದೆ. ಡಾಂಬರಿನಲ್ಲೂ ಹೀಗೇ: ಕಲ್ಲಿನ ಪುಡಿ ಬಿಟ್ಟು ಬರೀ ಜಲ್ಲಿಗೆ ಡಾಂಬರು ಕಲಸುತ್ತಾರೆ. ಅಮೆರಿಕದಲ್ಲಿ ಥೋರೋ ಗುಡಿಸಲು ಕಟ್ಟಿಕೊಂಡಿದ್ದ ವಾಲ್ಡನ್ ಕೊಳದ ಬಳಿ ವಾಹನ ನಿಲ್ಲಿಸುವ ಜಾಗಕ್ಕೆ 1977ರಲ್ಲೇ ಇಂಥ ಡಾಂಬರು ಹಾಸಿದರು. ನಮ್ಮಲ್ಲೂ ಪುಡಿಯಿಲ್ಲದ ಕಾಂಕ್ರೀಟಿಗೆ 1989ರಲ್ಲೇ ಭಾರತೀಯ ಮಾನಕ ಬಂದಿದೆ, ಸಂಖ್ಯೆ 12727. ಹಾಗಾಗಿ "ಇದು ಹೊಸದು, ನಮಗೆ ಗೊತ್ತಿಲ್ಲ" ಎಂದು ಯಾವ ಇಂಜಿನಿಯರೂ ಕೈತೊಳೆದುಕೊಳ್ಳುವಂತಿಲ್ಲ.

ಆದರೆ ಕೆಲಸ ಕೆಡುವುದು ಹಾಕುವ ಕೈಯಲ್ಲಿ. ಮೊದಲು ತಳ. ಮಾಮೂಲಿ ರಸ್ತೆಯಂತೆ ಮಣ್ಣನ್ನು ರೋಲರಿನಿಂದ ಬಿಗಿದುಬಿಟ್ಟರೆ ನೀರು ಇಂಗುವುದಿಲ್ಲ. ಲಾರಿಗಳನ್ನು ಆ ತಳದ ಮೇಲೆ ಓಡಾಡಿಸಲೂಬಾರದು. ಅದರ ಮೇಲೆ ಪುಡಿ ತೊಳೆದ ದಪ್ಪ ಜಲ್ಲಿಯ ಹಾಸು. ಜಲ್ಲಿಯ ನಡುವೆ ನೂರಕ್ಕೆ 40ರಷ್ಟು ಖಾಲಿ ಇರುವುದರಿಂದ ಒಂದು ಅಡಿ ಹಾಸು ಐದು ಇಂಚಿನ ಹತ್ತಿರ ಮಳೆ ಹಿಡಿದಿಟ್ಟು ನಿಧಾನವಾಗಿ ಭೂಮಿಗೆ ಕುಡಿಸುತ್ತದೆ. ಇದೇ ನಿಜವಾದ ತೊಟ್ಟಿ, ಮೇಲಿನ ಕಾಂಕ್ರೀಟು ಬರೀ ಮುಚ್ಚಳ.

ಕಲಸಿದ್ದನ್ನು ಅಂಗೈಯಲ್ಲಿ ಹಿಡಿದು ಅಮುಕಿದರೆ ಉಂಡೆಯಾಗಬೇಕು. ಉದುರಿದರೆ ನೀರು ಕಮ್ಮಿ, ಹಾಲು ಸುರಿದರೆ ನೀರು ಜಾಸ್ತಿ. ಕಲಸಿದ ಒಂದು ಗಂಟೆಯೊಳಗೆ ಹಾಸಿ, ಉರುಳೆ ಹೊಡೆದು, ಕೂಡಲೇ ಪ್ಲಾಸ್ಟಿಕ್ ಹೊದಿಸಿ ಏಳು ದಿನ ಬಿಡಬೇಕು. ನಮ್ಮ ಬಿಸಿಲಿಗೆ ಬಿಟ್ಟರೆ ಜಲ್ಲಿ ಕಿತ್ತು ಬರುತ್ತದೆ. ಮೇಸ್ತ್ರಿಗಳು ಅಂದಕ್ಕೆಂದು ಕರಣೆಯಲ್ಲಿ ತಿಕ್ಕಿ ನಯ ಮಾಡಿದರೋ, ಕೆಟ್ಟಿತು, ಕಣ್ಣೆಲ್ಲ ಮುಚ್ಚಿಹೋಗುತ್ತದೆ. ಡಾಂಬರಾದರೆ ಎರಡು ಮೂರು ಸಲಕ್ಕಿಂತ ಹೆಚ್ಚು ರೋಲರ್ ಓಡಿಸಬಾರದು, ಒಂದು ದಿನ ಗಾಡಿ ಬಿಡಬಾರದು.

ಎಲ್ಲ ಕಡೆಗೂ ಇದು ಸಲ್ಲದು, ಅದನ್ನೂ ಹೇಳಿಬಿಡಬೇಕು. ಭಾರದ ಲಾರಿ ಓಡಾಡುವ ದಾರಿಗೆ, ಮಂಡಿಯ ತೂಕದ ಕಟ್ಟೆಗೆ ಈ ಕಾಂಕ್ರೀಟು ಬೇಡ, ಅದಕ್ಕೆ ಅಷ್ಟು ಬಲವಿಲ್ಲ. ಗೊಬ್ಬರ, ಕ್ರಿಮಿನಾಶಕದ ಅಂಗಡಿ ಮುಂದೆ, ಪೆಟ್ರೋಲ್ ಬಂಕಿನಲ್ಲಿ ಬೇಡ. ವಿಷ ನೇರ ಬಾವಿಗೆ ಇಳಿಯುತ್ತದೆ. ಕಡ್ಲೆಕಾಯಿ ಒಣಗಿಸುವ ಕಣಕ್ಕೂ ಬೇಡ. ಹೊಟ್ಟು, ಧೂಳು ತುಂಬಿ ಎರಡು ವರ್ಷಕ್ಕೆ ಬಂಡೆಯಾಗುತ್ತದೆ. ಆದೋನಿ ಕಡೆಯ ಹತ್ತಿ ಬೆಳೆಯುವ ಕರಿನೆಲ ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಬೇಗ ಇಂಗಿಸುವುದೂ ಇಲ್ಲ. ಅಲ್ಲಿನವರು ಜಲ್ಲಿಯ ಹಾಸಿನಲ್ಲಿ ತೂತಿನ ಪೈಪು ಇಟ್ಟು ನೀರನ್ನು ಕೆರೆಗೋ ಗುಂಡಿಗೋ ಹರಿಸಬೇಕು. ನಮ್ಮ ಕೆಂಪುನೆಲದಲ್ಲೂ ಮೊದಲು ಗುಂಡಿ ತೋಡಿ, ನೀರು ಹೊಯ್ದು, ಎಷ್ಟು ಹೊತ್ತಿಗೆ ಇಂಗುತ್ತದೆಂದು ನೋಡಿಯೇ ಮುಂದುವರಿಯಬೇಕು.

ಹಾಕಿದ ಮೇಲೆ ಮರೆತರೂ ಆಗದು. ಅದರ ಮೇಲೆ ಮರಳು, ಮಣ್ಣು ಸುರಿಯಬಾರದು. ಆಗಾಗ ಗುಡಿಸಬೇಕು, ಮಳೆಗಾಲಕ್ಕೆ ಮುಂಚೆ ಜೋರು ನೀರಿನಿಂದ ತೊಳೆದು ಕಸ ಎತ್ತಬೇಕು. ಖರ್ಚೂ ಮೊದಲಿಗೆ ಹೆಚ್ಚೇ, ತಳದ ಜಲ್ಲಿ ಹಾಸಿಗೆ ದುಡ್ಡು ಬೇಕು. ಆದರೆ ಒಣಗಿದ ಒಂದು ಬೋರಿನ ಪಕ್ಕ ಇನ್ನೊಂದು ಕೊರೆಸಿದ ರೈತನಿಗೆ ಖರ್ಚಿನ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಬೇಡಿಕೆ ದೊಡ್ಡದಲ್ಲ. ಪ್ರತಿ ಪಂಚಾಯಿತಿಯೂ ಮೊದಲು ಒಂದೇ ಒಂದು ಜಾಗದಲ್ಲಿ, ಶಾಲೆ ಅಂಗಳದಲ್ಲೋ ಗುಡಿ ಮುಂದೆಯೋ, ಇದನ್ನು ಮಾಡಿ ನೋಡಲಿ. ಗ್ರಾಮಸಭೆಯಲ್ಲಿ ಎಸ್ಟಿಮೇಟು ತೆಲುಗಿನಲ್ಲಿ ಓದಿ ಮುಗಿಸಿದಾಗ ಕನ್ನಡದವರು ತಲೆಯಾಡಿಸಿ ಎದ್ದುಬರುವ ಚಾಳಿ ನಮ್ಮದು. ಇನ್ನು ಮೇಲೆ ಎದ್ದುನಿಂತು ಮೂರು ಪ್ರಶ್ನೆ ಕೇಳೋಣ. ಈ ನೀರು ಎಲ್ಲಿಗೆ ಹೋಗುತ್ತದೆ? ಹೊಸಿಲಿಗಿಂತ ರಸ್ತೆ ಎಷ್ಟು ಕೆಳಗೆ ಇರುತ್ತದೆ? ತೊಳೆಯುವ ಹೊಣೆ ಯಾರದು? ಗಡಿಯಾಚೆ ಪಾವಗಡ, ಮಧುಗಿರಿಯ ಬಂಧುಗಳೂ ಇದನ್ನೇ ಕೇಳಲಿ. ತುಮಕೂರು ಜಿಲ್ಲೆಯಲ್ಲಿ ಹುಟ್ಟುವ ಜಯಮಂಗಲಿ ನಮ್ಮ ಕಡೆ ಬಂದೇ ಪೆನ್ನೆಯನ್ನು ಸೇರುವುದು. ಅಲ್ಲಿ ಇಂಗಿದ್ದೂ ಇಲ್ಲಿ ಇಂಕಿದ್ದೂ ಕೊನೆಗೆ ಒಂದೇ ಸೀಮೆಯ ನೀರು.