ಶಬ್ದವಿಚಾರ: ಅನುಕೂಲನಾದ ವರ

ಮೊನ್ನೆ ಅಣ್ಣಿಗೇರಿಯ ನಮ್ಮ ಮನೆಯಲ್ಲಿ ಕಿರಿಯ ಮಗಳ ವರಾನ್ವೇಷಣೆಯ ಮಾತು ನಡೆದಿತ್ತು. ಹಿರಿಯರೆಲ್ಲರೂ ‘ಅನುಕೂಲಸ್ಥ ಮನೆತನ’ವೆಂದು ಒಂದು ಸಂಬಂಧವನ್ನು ಹೊಗಳಿದರು. ಮಗಳಾದರೋ, “ಅಪ್ಪಾ, ಹ್ಯಾಂಡ್ಸಮ್ ಇರದಿದ್ದರೂ ನಡೀತದ, ಕೇರಿಂಗ್ ಇರಬೇಕು” ಎಂದಳು. ನಾನು ನಕ್ಕೆನು, ಬಳಿಕ ನಿಘಂಟನ್ನು ತೆರೆದು ನೋಡಿ ಸುಮ್ಮನಾದೆನು.

‘ಹ್ಯಾಂಡ್ಸಮ್’ ಎಂದರೆ ಮೊದಲು ಕೈಗೆ ಸುಲಭವಾಗಿ ಒಗ್ಗುವಂಥದು. ಚೆಲುವಿಕೆಯ ಅರ್ಥವು ಅನಂತರದ್ದು. ‘ಕೇರ್’ ಎಂದರೆ ಪ್ರಾಚೀನ ಇಂಗ್ಲಿಷಿನಲ್ಲಿ ದುಃಖ, ಚಿಂತೆ. ಇನ್ನೊಬ್ಬರ ಚಿಂತೆಯನ್ನು ತನ್ನದಾಗಿಸಿಕೊಳ್ಳುವವನೇ ಕೇರಿಂಗ್ ಎನ್ನಬಹುದು. 10ನೆಯ ಶತಮಾನದ ಧನಂಜಯನ ‘ದಶರೂಪಕ’ದಲ್ಲಿಯೂ ‘ಅನುಕೂಲ’ನೆಂದರೆ ಧನಿಕನಲ್ಲ, ಒಬ್ಬಳಲ್ಲಿಯೇ ಅನುರಕ್ತನಾದ ನಾಯಕನು.

ವಾಚಕರೇ, ಎಕರೆಗಳನ್ನು ಎಣಿಸುತ್ತ ಶಬ್ದದ ಅರ್ಥವನ್ನು ಮರೆತವರು ನಾವೇ. ಇನ್ನು ಸಂಬಂಧ ಬಂದರೆ, ತಾಯಿಗೆ ಜ್ವರ ಬಂದಾಗ ಹುಡುಗನು ಏನು ಮಾಡಿದನೆಂಬುದನ್ನು ಮೊದಲು ವಿಚಾರಿಸುವೆನು.