ನೋಡುವುದು ಕಣ್ಣೊಂದೇ ಅಲ್ಲ



ಕಣ್ಣಿನಿಂದ ನೋಡುತ್ತೇವೆಂದು ಒಂದನೆಯ ತರಗತಿಯ ಮಗುವೂ ಹೇಳೀತು. ಅದು ಅರ್ಧ ಸತ್ಯ. ಕಣ್ಣು ಬೆಳಕನ್ನು ಬರಮಾಡಿಕೊಳ್ಳುವ ಬಾಗಿಲು. ನೋಟವು ಅರ್ಥ ಪಡೆಯುವುದು ತಲೆಯ ಹಿಂಬದಿಯಲ್ಲಿ, ಮೆದುಳಿನ ಹೊರಪದರದಲ್ಲಿ. ಅಲ್ಲಿನ ವ್ಯಾಪಾರವನ್ನು ಬಿಡಿಸಿ ತೋರಿಸಿದವರು ಕೆನಡಾದಲ್ಲಿ ಬೆಳೆದ ಡೇವಿಡ್ ಹ್ಯೂಬೆಲ್ ಮತ್ತು ಸ್ವೀಡನ್ನಿನ ಟಾರ್‌ಸ್ಟನ್ ವೀಸೆಲ್.

1958ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಇವರಿಬ್ಬರು ಜೊತೆಗೂಡಿದರು. ಅರಿವಳಿಕೆ ಕೊಟ್ಟ ಬೆಕ್ಕಿನ ಮೆದುಳಿಗೆ ಅತಿ ಸೂಕ್ಷ್ಮ ಲೋಹತಂತಿಯನ್ನಿಳಿಸಿ, ಒಂದೊಂದೇ ನರಕೋಶದ ವಿದ್ಯುತ್ ಮಿಡಿತವನ್ನು ಧ್ವನಿವರ್ಧಕದಲ್ಲಿ ಆಲಿಸುತ್ತಿದ್ದರು. ಬೆಕ್ಕಿನೆದುರು ತೆರೆಯ ಮೇಲೆ ಚುಕ್ಕೆಗಳನ್ನು ಮೂಡಿಸಿದರು. ಕಪ್ಪು ಚುಕ್ಕೆಗೂ ಬಿಳಿ ಚುಕ್ಕೆಗೂ ಕೋಶ ಓಗೊಡಲಿಲ್ಲ. ಗಂಟೆಗಳುರುಳಿದವು. ಒಮ್ಮೆ ಚುಕ್ಕೆಯ ಗಾಜನ್ನು ಯಂತ್ರದೊಳಕ್ಕೆ ಸರಿಸುತ್ತಿದ್ದಂತೆ ಧ್ವನಿವರ್ಧಕ ಪಟಪಟನೆ ಸಿಡಿಯಿತು! ಕಾರಣ ಚುಕ್ಕೆಯಲ್ಲ, ಗಾಜಿನ ಅಂಚಿನ ಮಸುಕು ನೆರಳು ಗೆರೆಯಾಗಿ ತೆರೆಯ ಮೇಲೆ ಹಾದುಹೋದದ್ದು. ಗೆರೆ ಒಂದು ನಿರ್ದಿಷ್ಟ ಓರೆಯಲ್ಲಿದ್ದರಷ್ಟೇ ಆ ಕೋಶ ಮಿಡಿಯುತ್ತಿತ್ತು. ಬೇರೊಂದು ಕೋಶಕ್ಕೆ ಬೇರೊಂದು ಓರೆ. ಸ್ಲೇಟಿನಲ್ಲಿ ಗೆರೆ ಕೂಡಿಸಿ ಅಕ್ಷರ ಕಟ್ಟುವ ಮಗುವಿನಂತೆ ಮೆದುಳೂ ಗೆರೆ ಅಂಚುಗಳಿಂದಲೇ ನೋಟವನ್ನು ಕಟ್ಟತೊಡಗುತ್ತದೆ. ಇದನ್ನು ಆಕಸ್ಮಿಕವೆನ್ನುವವರುಂಟು. ಅಷ್ಟು ಹೊತ್ತು ತಾಳ್ಮೆಯಿಂದ ಕುಳಿತವರಿಗೆ ಮಾತ್ರ ಅಂಥ ಆಕಸ್ಮಿಕ ಒದಗುತ್ತದೆಂದು ನನ್ನ ಎಣಿಕೆ.

ಮುಂದೆ ಹಾರ್ವರ್ಡಿನಲ್ಲಿ ಅವರು ನಡೆಸಿದ ಪ್ರಯೋಗವನ್ನು ಓದುವಾಗ ಮನಸ್ಸು ಮುದುಡುತ್ತದೆ. ಎಳೆಯ ಬೆಕ್ಕುಮರಿಯ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು, ಕೆಲವು ತಿಂಗಳ ಬಳಿಕ ಬಿಚ್ಚಿದರು. ಕಣ್ಣಿಗೆ ಊನವಿರಲಿಲ್ಲ. ಆದರೆ ಮೆದುಳಿನ ಕೋಶಗಳು ಆ ಕಣ್ಣಿನ ಕರೆಗೆ ಓಗೊಡುವುದನ್ನೇ ಬಹುಮಟ್ಟಿಗೆ ಬಿಟ್ಟಿದ್ದವು; ಇನ್ನೊಂದು ಕಣ್ಣು ಆ ನೆಲೆಯನ್ನು ಆಕ್ರಮಿಸಿತ್ತು. ಬೆಳೆದ ಬೆಕ್ಕಿನಲ್ಲಿ ಹೀಗಾಗಲಿಲ್ಲ. ನೋಡಲು ಕಲಿಯುವುದಕ್ಕೂ ಒಂದು ವಯಸ್ಸುಂಟೆಂಬುದು ಹೀಗೆ ಸಿದ್ಧವಾಯಿತು. 1981ರ ವೈದ್ಯಕೀಯ ನೊಬೆಲ್ ಪಾರಿತೋಷಕದ ಅರ್ಧಭಾಗ ಇವರಿಬ್ಬರಿಗೆ ಸಂದಿತು. ಉಳಿದರ್ಧ ರೋಜರ್ ಸ್ಪೆರಿಯವರಿಗೆ.

ನಮ್ಮ ಮನೆಗಳಿಗೂ ಇದಕ್ಕೂ ಏನು ನಂಟು? ಮೆಳ್ಳೆಗಣ್ಣು ಅದೃಷ್ಟದ ಗುರುತೆಂದು ಸುಮ್ಮನಿರುವವರು ನಮ್ಮಲ್ಲಿದ್ದಾರೆ. ಹುಟ್ಟಿನಿಂದಲೇ ಪೊರೆಯಿದ್ದರೆ, "ದೊಡ್ಡವನಾಗಲಿ, ಆಮೇಲೆ ನೋಡೋಣ" ಎನ್ನುವವರೂ ಇದ್ದಾರೆ. ಅಷ್ಟರಲ್ಲಿ ಮೆದುಳು ಆ ಕಣ್ಣನ್ನು ಕಡೆಗಣಿಸಿಬಿಟ್ಟಿರುತ್ತದೆ. ತಡವಾದರೆ ಎಲ್ಲವೂ ಮುಗಿಯಿತೆಂದಲ್ಲ: ಪವನ್ ಸಿನ್ಹಾ ಅವರ 'ಪ್ರಕಾಶ್' ಯೋಜನೆಯಲ್ಲಿ, ಹುಟ್ಟುಕುರುಡರಾಗಿದ್ದ ಉತ್ತರ ಭಾರತದ ಮಕ್ಕಳು ಶಸ್ತ್ರಕ್ರಿಯೆಯ ಬಳಿಕ ತಕ್ಕಮಟ್ಟಿಗೆ ನೋಡಲು ಕಲಿತರು. ಆದರೂ ಅವರ ನೋಟ ಪೂರ್ಣ ಚುರುಕಾಗಲಿಲ್ಲ.

ಒಂದೇ ಕಣ್ಣು ಮಂದವಾದ ಮಗು ದೂರುವುದಿಲ್ಲ. ಇನ್ನೊಂದರಿಂದಲೇ ಕಪ್ಪುಹಲಗೆ ಓದಿಬಿಡುತ್ತದೆ. ಶಾಲೆಗೆ ಸೇರಿಸುವ ಮೊದಲೇ ಒಂದೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ಓದಿಸಿ ನೋಡಿ. ವ್ಯತ್ಯಾಸ ಕಂಡರೆ ನೇತ್ರವೈದ್ಯರಲ್ಲಿಗೆ ಹೋಗಿ. ಕನ್ನಡಕದೊಡನೆ ಅವರು ಒಳ್ಳೆಯ ಕಣ್ಣಿಗೆ ದಿನವೂ ಕೆಲವು ಗಂಟೆ ಪಟ್ಟಿ ಹಾಕಲು ಹೇಳಬಹುದು. ಮಗು ಅಳುತ್ತದೆ. ಅಜ್ಜಿಗೆ ಕನಿಕರ ಹುಟ್ಟುತ್ತದೆ. ವೈದ್ಯರು ಹೇಳಿದಷ್ಟು ಹೊತ್ತು ಆ ಪಟ್ಟಿಯನ್ನು ಬಿಚ್ಚದಂತೆ ಅಜ್ಜಿಯನ್ನು ಒಪ್ಪಿಸುವುದೇ ಚಿಕಿತ್ಸೆಯ ಕಠಿಣ ಭಾಗ.