ಪೆಟ್ ಸ್ಕ್ಯಾನ್ ಮತ್ತು ವಿಕಿರಣ ಔಷಧ ಚಿಕಿತ್ಸೆಯ ಅರ್ಹತೆ

ಸಿರುಗುಪ್ಪ ತಾಲ್ಲೂಕಿನ ರಾರಾವಿಯಿಂದ ಕ್ಯಾನ್ಸರ್ ಚಿಕಿತ್ಸೆಗಾಗಿ ಬೆಂಗಳೂರಿಗೆ ತೆರಳುವವರು 300 ಕಿಲೋಮೀಟರಿಗೂ ಅಧಿಕ ದೂರ ಕ್ರಮಿಸಬೇಕಾಗುತ್ತದೆ. ಅಲ್ಲಿ ಪೆಟ್ ಸ್ಕ್ಯಾನ್ ಮಾಡಿದ ನಂತರ ಲುಟೀಷಿಯಂ-177 ಚಿಕಿತ್ಸೆ ಸೂಕ್ತವಲ್ಲವೆಂದು ವೈದ್ಯರು ತಿಳಿಸಿದಲ್ಲಿ, ಸೌಲಭ್ಯ ನಿರಾಕರಿಸಲಾಯಿತೆಂದು ಕುಟುಂಬದವರು ಭಾವಿಸುವುದು ಸಹಜ. ವಾಸ್ತವವಾಗಿ ಈ ನಿರ್ಣಯಕ್ಕಾಗಿಯೇ ಸದರಿ ಸ್ಕ್ಯಾನ್ ಮಾಡಲಾಗುತ್ತದೆ.

ರಕ್ತನಾಳದ ಮೂಲಕ ನೀಡುವ ಈ ಔಷಧವು ಗೆಡ್ಡೆಯ ಜೀವಕೋಶಗಳ ಮೇಲಿರುವ ನಿರ್ದಿಷ್ಟ ಪ್ರೋಟೀನಿಗೆ ಅಂಟಿಕೊಂಡು ಅಲ್ಲಿಯೇ ವಿಕಿರಣ ಸೂಸುತ್ತದೆ. ಆ ಪ್ರೋಟೀನ್ ಇಲ್ಲದಿದ್ದಲ್ಲಿ ಗೆಡ್ಡೆಗೆ ತಗಲುವ ವಿಕಿರಣ ಅತ್ಯಲ್ಪ. ಮೂತ್ರಪಿಂಡ ಹಾಗೂ ಅಸ್ಥಿಮಜ್ಜೆಗೆ ತಗಲುವುದು ಮಾತ್ರ ತಪ್ಪುವುದಿಲ್ಲ. ಆದುದರಿಂದ ಅದೇ ಪ್ರೋಟೀನನ್ನು ಅರಸುವ ಅಣುವಿಗೆ ಗ್ಯಾಲಿಯಂ-68 ಜೋಡಿಸಿ ಮುಂಚಿತವಾಗಿ ಚಿತ್ರ ಪಡೆಯಲಾಗುತ್ತದೆ. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಪ್ರಾಸ್ಟೇಟ್ ಕ್ಯಾನ್ಸರಿಗೆ ಈ ಬಗೆಯ ಔಷಧಕ್ಕೆ ಅನುಮೋದನೆ ನೀಡುವಾಗ ಇಂತಹ ಸ್ಕ್ಯಾನ್ ಆಧಾರದ ಆಯ್ಕೆಯನ್ನೇ ವಿಧಿಸಿತು. ಭಾರತದಲ್ಲಿ ಲುಟೀಷಿಯಂ-177 ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ ತಯಾರಾಗುತ್ತಿದೆ.

ಆದರೆ ಸ್ಕ್ಯಾನಿನ ಮುನ್ಸೂಚನೆಗೂ ಮಿತಿಯುಂಟು. ಗ್ಯಾಲಿಯಂ-68ರ ಅರ್ಧಾಯುಷ್ಯ 68 ನಿಮಿಷ; ಲುಟೀಷಿಯಂ-177ರದು ಸುಮಾರು ಆರೂವರೆ ದಿನ. ಔಷಧ ಗೆಡ್ಡೆಯನ್ನು ತಲುಪುವುದು ಚಿತ್ರದಲ್ಲಿ ಕಾಣುತ್ತದೆ, ಎಷ್ಟು ದಿನ ಅಲ್ಲಿ ಉಳಿಯುವುದೆಂಬುದು ಕಾಣುವುದಿಲ್ಲ. ಇದನ್ನು ಚಿಕಿತ್ಸೆಯ ನಂತರ ತೆಗೆಯುವ ಚಿತ್ರಗಳಿಂದಲೇ ಅರಿಯಬೇಕು. ಗೆಡ್ಡೆ ಪ್ರಕಾಶಮಾನವಾಗಿ ಕಂಡ ಮಾತ್ರಕ್ಕೆ ಗುಣವಾಗುವುದು ಖಚಿತವಲ್ಲ.

ಸಾಮಾನ್ಯವಾಗಿ ಮಾಡಲಾಗುವ ಗ್ಲೂಕೋಸ್ ಪೆಟ್ ಸ್ಕ್ಯಾನ್ ಬೇರೆ. ಅದರ ವರದಿಯೊಂದರಿಂದಲೇ ಈ ಅರ್ಹತೆ ನಿರ್ಧಾರವಾಗದು. ಆದಾಗ್ಯೂ ವೈದ್ಯರು ಎರಡನ್ನೂ ಹೋಲಿಸಿ ನೋಡುವುದುಂಟಾದ್ದರಿಂದ, ರೋಗಿಗಳು ಹಳೆಯ ಸ್ಕ್ಯಾನಿನ ಸಿ.ಡಿ. ಹಾಗೂ ಬಯಾಪ್ಸಿ ವರದಿಯನ್ನು ಜೊತೆಯಲ್ಲಿ ಒಯ್ಯತಕ್ಕದ್ದು.